ಎರಡನೆಯ ಸಲ ಬಾರದವರು

ಬ್ರೆಡ್ಡಿನ ಗಟ್ಟಿ ಅಂಚನ್ನು ನಾಲಿಗೆಯಿಂದ ಎಡಕ್ಕೆ ತಳ್ಳಿ ಅಗಿಯುತ್ತ ಅವಳು ಇವತ್ತು ತರಗತಿಯಲ್ಲಿ ಹೇಳಬೇಕಾದ ಮೊದಲ ವಾಕ್ಯವನ್ನು ಹುಡುಕುತ್ತಿದ್ದಳು. ಇಷ್ಟು ವರ್ಷ ಹುಡುಕುವ ಪ್ರಮೇಯವೇ ಬಂದಿರಲಿಲ್ಲ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುವಷ್ಟು ಬಾಯಿಪಾಠವಾದ ಮಾತು: ಆಳದ ಹುಳುಕನ್ನು ಒಂದೇ ಸಲ ಪೂರ್ತಿ ಕೆರೆದು ತೆಗೆಯುವ ಚಪಲ ಬೇಡ, ಕೆರೆದರೆ ನರ ತೆರೆದುಕೊಳ್ಳುತ್ತದೆ, ನರದ ಮೇಲಿನ ಮೆತ್ತನೆಯದನ್ನು ಹಾಗೇ ಬಿಟ್ಟು, ತಾತ್ಕಾಲಿಕ ಸಿಮೆಂಟಿನಿಂದ ಮುಚ್ಚಿ, ಆರು ತಿಂಗಳು ಕಾಯಿರಿ, ಅಷ್ಟರಲ್ಲಿ ಹಲ್ಲು ಒಳಗಿನಿಂದ ತನ್ನ ಗೋಡೆಯನ್ನು ತಾನೇ ದಪ್ಪ ಮಾಡಿಕೊಳ್ಳುತ್ತದೆ, ಆಮೇಲೆ ರೋಗಿಯನ್ನು ಕರೆಸಿ, ತೆರೆದು, ಉಳಿದದ್ದನ್ನು ತೆಗೆದು, ಕಾಯಮ್ಮಾಗಿ ತುಂಬಿ. ದಂತವೈದ್ಯಕೀಯ ಕಾಲೇಜಿಗೆ ಕಾಲಿಟ್ಟವರೆಲ್ಲ ಅವಳ ಬಾಯಿಂದ ಇದನ್ನು ಕೇಳಿಯೇ ಹೊರಗೆ ಹೋಗಿದ್ದರು. ಹುಡುಗರು ಅವಳಿಗೆ ಇಟ್ಟ ಹೆಸರೇ 'ಆರು ತಿಂಗಳು'. 'ಆರು ತಿಂಗಳು ಬಂದ್ರು ಕಣ್ರೋ' ಎಂಬ ಪಿಸುಮಾತು ಕಾರಿಡಾರಿನಲ್ಲಿ ಕಿವಿಗೆ ಬಿದ್ದಾಗ ಅವಳು ಮುಖ ಗಂಟು ಹಾಕಿಕೊಂಡರೂ ಒಳಗೊಳಗೇ ಹಿಗ್ಗುತ್ತಿದ್ದಳು. ಎಷ್ಟು ಜನ ಮೇಷ್ಟರಿಗೆ ಅವರ ಸಂಶೋಧನೆಯಿಂದಲೇ ಅಡ್ಡಹೆಸರು ಬೀಳುತ್ತದೆ? ಗಂಡನಿಗೆ ಹೇಳಿದಾಗ ಅವನು, "ಪರವಾಗಿಲ್ಲ, ನಿನ್ನ ಹುಡುಗರು ಸರಿಯಾಗೇ ಗುರುತು ಹಿಡಿದಿದ್ದಾರೆ. ಒಂದು ಸಿನಿಮಾಕ್ಕೆ ಕರೆದ್ರೂ ನಿನಗೆ ಅಷ್ಟೇ ಹಿಡಿಯುತ್ತೆ" ಎಂದು ನಕ್ಕಿದ್ದ. ಆ ನಗುವನ್ನು ನೆನೆಯುವಾಗ ಅವನ ಬಾಯೊಳಗಿನ ಬಲಗಡೆಯ ಕೆಳಸಾಲು ಕಂಡೇ ಕಾಣುತ್ತದೆ. ಬೇರೆ ಹೆಂಡಂದಿರು ಗಂಡನ ಮುಖವನ್ನು ನೆನೆಸಿಕೊಳ್ಳುತ್ತಾರೆ, ತನಗೆ ಮಾತ್ರ ಈ ಶಿಕ್ಷೆ ಎಂದುಕೊಂಡು ಅವಳು ಬ್ರೆಡ್ಡನ್ನು ಅರ್ಧಕ್ಕೇ ಬಿಟ್ಟಳು.

ಎದುರಿಗೆ ಕೂತ ಅತ್ತೆ ಕಟ್ಟಿಸಿದ ಹಲ್ಲಿನ ಕೆಳಗಿನ ಸೆಟ್ಟನ್ನು ತೆಗೆದು ಚಹಾ ಲೋಟದ ಪಕ್ಕ ಇಟ್ಟುಕೊಂಡು, ಬ್ರೆಡ್ಡನ್ನು ಅದ್ದಿ ಅದ್ದಿ ತಿನ್ನುತ್ತಿದ್ದರು. "ಒತ್ತುತ್ತೆ ಕಣೇ ಇದು. ಇಲ್ಲಿ ಮುಂದಕ್ಕೆ. ಹುಣ್ಣಾಗಿಬಿಟ್ಟಿದೆ."

"ನಾಳೆ ನೋಡ್ತೀನಿ ಅತ್ತೆ. ಇವತ್ತು ತಲೆ ಕೆರ್ಕೊಳೋಕೂ ಪುರುಸೊತ್ತಿಲ್ಲ. ಸ್ವಲ್ಪ ಉಜ್ಜಿದ್ರೆ ಸರಿಹೋಗುತ್ತೆ, ಐದು ನಿಮಿಷದ ಕೆಲಸ."

"ಐದು ನಿಮಿಷದ್ದಾದ್ರಿಂದಲೇ ಅಲ್ವಾ ನಾಳೆಗೆ ಹೋಗೋದು" ಎಂದರು ಅತ್ತೆ. ಕೊಂಕಿತ್ತೋ ಇಲ್ಲವೋ ಹೇಳುವುದು ಕಷ್ಟ. ಕೆಳಗಿನ ಹಲ್ಲಿಲ್ಲದ ಬಾಯಿಂದ ಬಂದ ಮಾತಿಗೆ ಅಂಚುಗಳೇ ಇರುವುದಿಲ್ಲ. ಮಗ ಹೋದ ಮೇಲೆ ಅವರ ಮಾತೇ ಕಡಿಮೆಯಾಗಿತ್ತು. ಒಂದೇ ಮನೆಯಲ್ಲಿ ಇಬ್ಬರು ಹೆಂಗಸರು, ಒಬ್ಬನಿಗಾಗಿ ಅಳುವ ಇಬ್ಬರು, ಒಬ್ಬರೆದುರು ಒಬ್ಬರು ಅಳದೆ ಒಂದು ವರ್ಷ ಕಳೆದಿದ್ದರು. ಅವಳಿಗೆ ಅದರಲ್ಲಿ ಒಂದು ಬಗೆಯ ನೆಮ್ಮದಿಯೂ ಇತ್ತು. ಅತ್ತರೆ ಮಾತು ಬರುತ್ತದೆ, ಮಾತು ಬಂದರೆ ಆ ಹಲ್ಲಿನ ವಿಷಯ ಬರುತ್ತದೆ. ಅವಳು ಚೀಲಕ್ಕಾಗಿ ಹುಡುಕಾಡಿದಾಗ ಅತ್ತೆಯೇ ಒಳಗಿನಿಂದ ತಂದು ಕೊಟ್ಟರು. ಎಂದಿಗಿಂತ ತುಸು ಭಾರ ಅನ್ನಿಸಿತು, ಆದರೆ ಇವತ್ತು ಎಲ್ಲವೂ ಭಾರವೇ.

ಇವತ್ತು ತೀರ್ಮಾನದ ದಿನ. ಈ ವರ್ಷದಿಂದ ವಿದ್ಯಾರ್ಥಿಗಳಿಗೆ ಯಾವ ವಿಧಾನ ಕಲಿಸಬೇಕು, ಅವಳ ಎರಡು ಸಲದ್ದೋ ಅಥವಾ ಹೊಸದಾದ ಒಂದು ಸಲದ್ದೋ? ಹೊಸದರಲ್ಲೂ ನರದ ಮೇಲಿನ ಹುಳುಕನ್ನು ಬಿಡುವುದೇ; ಆದರೆ ಅದೇ ದಿನ ಕಾಯಮ್ಮಾಗಿ ಮುಚ್ಚಿಬಿಡುವುದು, ಮತ್ತೆಂದೂ ತೆರೆಯದಿರುವುದು. ಬಿಟ್ಟದ್ದನ್ನು ಬಿಟ್ಟೇಬಿಡುವುದು. ವಿಭಾಗದ ಸಭೆಯಲ್ಲಿ ವಾದ ಎಲ್ಲೂ ಮುಟ್ಟದಿದ್ದಾಗ ಎಲ್ಲರೂ ಅವಳ ಕಡೆ ತಿರುಗಿ, 'ಮೇಡಂ ಈ ವರ್ಷದ ಮೊದಲ ಪ್ರಾತ್ಯಕ್ಷಿಕೆಯಲ್ಲಿ ಏನು ಮಾಡ್ತಾರೋ ಅದೇ ಆಗಲಿ' ಎಂದಿದ್ದರು. ಗೌರವ ಕೊಟ್ಟ ಹಾಗೂ ಆಯಿತು, ಬೆಂಕಿಯನ್ನು ಅವಳ ಸೆರಗಿಗೆ ಕಟ್ಟಿದ ಹಾಗೂ ಆಯಿತು. ತನ್ನ ಕೆಲಸವೆಲ್ಲ ಯಾವುದರ ಮೇಲೆ ನಿಂತಿತ್ತೋ ಅದನ್ನು ಮೂವತ್ತು ಮಕ್ಕಳ ಎದುರು ಸ್ವಂತ ಕೈಯಿಂದ ಕಿತ್ತುಹಾಕಬೇಕು, ಇಲ್ಲವೇ ನಂಬಿಕೆಯಿಲ್ಲದೆ ಮತ್ತೊಮ್ಮೆ ಕಲಿಸಬೇಕು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವಳು ಎರಡೂ ವಾಕ್ಯಗಳನ್ನು ತುಟಿಯೊಳಗೇ ಹೇಳಿ ನೋಡಿದಳು. ಪಕ್ಕದ ಸೀಟಿನ ಹೆಂಗಸು ಸ್ವಲ್ಪ ಸರಿದು ಕೂತಳು.

ಕಾಲೇಜಿನ ಲಿಫ್ಟು ನಿಲ್ಲುವಾಗ ಕೊನೆಯ ಗಳಿಗೆಯಲ್ಲಿ ಸಣ್ಣಗೆ ಒಮ್ಮೆ ಎಳೆಯುತ್ತದೆ. ಅದು ಬ್ರೇಕು ಸವೆದದ್ದರ ಗುರುತು ಎಂದು ಅವಳಿಗೆ ಗೊತ್ತು. ಲಿಫ್ಟುಗಳನ್ನು ತಪಾಸಣೆ ಮಾಡುವವನ ಜೊತೆ ಬಾಳಿದರೆ ಇಷ್ಟಾದರೂ ಅಂಟಿಕೊಳ್ಳುತ್ತದೆ. ಯಾವ ಕಟ್ಟಡಕ್ಕೆ ಹೋದರೂ ಅವನು ಕಣ್ಣು ಮುಚ್ಚಿ ಲಿಫ್ಟಿನ ಸದ್ದು ಕೇಳುತ್ತಿದ್ದ, ಆಮೇಲೆ ಕಾವಲಿನವನನ್ನು ಹುಡುಕಿಕೊಂಡು ಹೋಗಿ ತಲೆ ತಿನ್ನುತ್ತಿದ್ದ. ಮದುವೆಗಳಲ್ಲೂ ಹೀಗೇ. ಅವಳಿಗೆ ನಾಚಿಕೆಯಾಗುತ್ತಿತ್ತು. ಆಸ್ಪತ್ರೆಯಲ್ಲಿ, ರಕ್ತದ ಕಾಯಿಲೆ ಅವನನ್ನು ಹಾಸಿಗೆಗೆ ಅಂಟಿಸಿದ ಮೇಲೂ, ಕಾರಿಡಾರಿನ ಆಚೆಯ ಸದ್ದು ಕೇಳಿ ಹೇಳಿದ್ದ: "ಈ ಮಹಡೀಲಿ ಅದು ಒಂದು ಬೆರಳಷ್ಟು ಕೆಳಗೆ ನಿಲ್ತಾ ಇದೆ. ಸ್ಟ್ರೆಚರ್ ತಳ್ಳೋರಿಗೆ ಕಷ್ಟ. ಯಾರಿಗಾದ್ರೂ ಹೇಳಿಬಿಡು." ಹೂಂ ಅಂದಿದ್ದಳು. ಹೇಳಲಿಲ್ಲ. ಅಂಥ ಹೊತ್ತಿನಲ್ಲಿ ಯಾರು ತಾನೆ ಲಿಫ್ಟಿನ ದೂರು ಹಿಡಿದುಕೊಂಡು ಹೋಗುತ್ತಾರೆ? ಕೊನೆಗೆ ಬಿಳಿ ಬಟ್ಟೆ ಹೊದಿಸಿ ಅವನನ್ನು ಕೆಳಗೆ ತರುವಾಗ ಸ್ಟ್ರೆಚರಿನ ಮುಂದಿನ ಚಕ್ರ ಅದೇ ಅಂಚಿಗೆ ಬಡಿದು ಎಗರಿತು, ಅವನ ತಲೆ ಪಕ್ಕಕ್ಕೆ ವಾಲಿತು, ತಳ್ಳುತ್ತಿದ್ದವನು 'ಥತ್' ಎಂದ. ಅವಳು ಆಗ ಅಳಲಿಲ್ಲ. ಹೇಳಿಬಿಡಬೇಕಿತ್ತು, ಹೇಳಿಬಿಡಬೇಕಿತ್ತು ಎಂದು ಮನಸ್ಸು ಒಂದೇ ಸಮನೆ ಬಡಬಡಿಸುತ್ತಿತ್ತು, ಅದು ಲಿಫ್ಟಿನ ಬಗ್ಗೆ ಮಾತ್ರ ಆಗಿರಲಿಲ್ಲ. ಈಗ ನಾಲ್ಕನೆಯ ಮಹಡಿಯಲ್ಲಿ ಬಾಗಿಲು ತೆರೆದಾಗ ಅವಳು ಎಂದಿನಂತೆ ಕೆಳಗೆ ನೋಡಿ ಅಂಚು ದಾಟಿದಳು.

ಕೋಣೆಯ ಬಾಗಿಲಲ್ಲಿ ಗುಂಗುರು ಕಾಯುತ್ತಿದ್ದ. ಗುಂಗುರು ಕೂದಲಿನಿಂದ ಅವನಿಗೆ ಆ ಹೆಸರು. ಅವಳ ಹಳೆಯ ವಿದ್ಯಾರ್ಥಿ, ಈಗ ಅದೇ ವಿಭಾಗದಲ್ಲಿ ಪಾಠ ಮಾಡುವವನು, ಹೊಸ ವಿಧಾನದ ಪರವಾಗಿ ನಿಂತವನು. ಅವನು ಜಗಳವಾಡಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಅವನೋ ಒಳ್ಳೆಯವನು, ಅದೇ ತೊಂದರೆ. ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ನಿಂತಿದ್ದ.

"ಎರಡು ನಿಮಿಷ ಇದೆಯಾ ಮೇಡಂ? ತರಗತಿಗೆ ಮುಂಚೆ ನೀವೊಂದ್ಸಲ ನೋಡಿದ್ರೆ ಒಳ್ಳೇದು ಅಂತ."

"ತೋರಿಸು."

ಅವಳದೇ ಅಧ್ಯಯನ, ಅವಳೇ ಶುರು ಮಾಡಿದ್ದು; ಅವಳು ರಜೆಯಲ್ಲಿದ್ದಾಗ ಅವನು ಮುಂದುವರಿಸಿದ್ದ. ಎರಡನೆಯ ಸಲ ಬಂದವರ ಹಲ್ಲುಗಳು ಪರದೆಯ ಎಡಕ್ಕೆ, ಬಾರದವರದು ಬಲಕ್ಕೆ. ಎಡಗಡೆಯವು ಗಟ್ಟಿಯಾಗಿದ್ದವು, ಅವಳು ಹೇಳಿದ ಹಾಗೆಯೇ ಒಳಗೋಡೆ ಕಟ್ಟಿಕೊಂಡಿದ್ದವು. ಬಲಗಡೆಯವರನ್ನು ಅವನು ಮನೆ ಹುಡುಕಿಕೊಂಡು ಹೋಗಿ ನೋಡಿ ಬಂದಿದ್ದ. ಸಿಮೆಂಟು ಸವೆದು, ಅಂಚಿನಲ್ಲಿ ಸೀಳಿ, ಒಳಗೆ ನೀರಿಳಿದು ಹಾಳಾದ ಹಲ್ಲುಗಳು. ಎಷ್ಟೋ ಕಡೆ ಹಲ್ಲೇ ಇರಲಿಲ್ಲ. "ವಿಧಾನ ತಪ್ಪಲ್ಲ ಮೇಡಂ" ಎಂದ ಅವನು, ಕ್ಷಮೆ ಕೇಳುವವನ ದನಿಯಲ್ಲಿ. "ಬಂದೋರದ್ದೆಲ್ಲ ಚೆನ್ನಾಗೇ ಇದೆ. ಜನ ಬರಲ್ಲ, ಅಷ್ಟೆ. ನೋವಿಲ್ಲದ ಹಲ್ಲಿಗೋಸ್ಕರ ಯಾರು ರಜಾ ಹಾಕ್ತಾರೆ?"

ಬಲಗಡೆಯ ಪಟ್ಟಿಯ ಮೇಲೆ 'ರೋಗಿಯ ಅಲಕ್ಷ್ಯ' ಎಂದು ದಪ್ಪ ಅಕ್ಷರದಲ್ಲಿತ್ತು. ಅವಳು ಅದನ್ನೇ ನೋಡುತ್ತಿದ್ದಳು. ಗುಂಗುರು ಗಂಟಲು ಸರಿಮಾಡಿಕೊಂಡ. "ನಿಮ್ಮನೆ ಸರ್‌ದೂ ಇದರಲ್ಲಿದೆ ಮೇಡಂ. ಹೆಸರಿಲ್ಲ, ಯಾರಿಗೂ ಗೊತ್ತಾಗಲ್ಲ. ಆದ್ರೂ ನೀವು ಬೇಡ ಅಂದ್ರೆ ತೆಗೆದುಬಿಡ್ತೀನಿ. ಒಬ್ಬರಿಂದ ಏನೂ ವ್ಯತ್ಯಾಸ ಆಗಲ್ಲ."

ಒಬ್ಬರಿಂದ ಏನೂ ವ್ಯತ್ಯಾಸ ಆಗುವುದಿಲ್ಲ. ಅವನು ಲೆಕ್ಕದ ಮಾತು ಹೇಳಿದ್ದ, ಅದು ನಿಜವೂ ಆಗಿತ್ತು. ಆದರೂ ಅವಳಿಗೆ ಕೆನ್ನೆಗೆ ಹೊಡೆಸಿಕೊಂಡಂತಾಯಿತು, ಹೊಡೆದವನು ಪಾಪ ಕೈ ಜೋಡಿಸಿ ನಿಂತಿದ್ದ. "ಇರ್ಲಿ ಬಿಡು" ಎಂದಳು. "ಆದ್ರೆ ಆ ಅಲಕ್ಷ್ಯ ಅನ್ನೋದನ್ನ ತೆಗಿ. ಯಾರ ಅಲಕ್ಷ್ಯ ಅಂತ ನಿನಗೇನು ಗೊತ್ತು? 'ಬರಲಿಲ್ಲ' ಅಂತ ಮಾತ್ರ ಹಾಕು." ಕಣ್ಣು ಒರೆಸಿಕೊಳ್ಳಬೇಕಾಗುತ್ತದೆಂದು ಚೀಲದಲ್ಲಿ ಕೈಹಾಕಿ ಕರವಸ್ತ್ರ ಎಳೆದಾಗ ಅದರ ಗಂಟು ಬಿಚ್ಚಿ ಅತ್ತೆಯ ಕೆಳಗಿನ ಸೆಟ್ಟು ಮೇಜಿನ ಮೇಲೆ ಕಟಕಟ ಉರುಳಿತು. ಗುಲಾಬಿ ಒಸಡಿನ ಸಮೇತ ಅದು ಇಬ್ಬರನ್ನೂ ನೋಡಿ ನಕ್ಕಿತು. ಗುಂಗುರು ನಗಬೇಕೋ ಬೇಡವೋ ತಿಳಿಯದೆ, "ಅಮ್ಮನವರದ್ದಾ? ಕೊಡಿ ಮೇಡಂ, ಲ್ಯಾಬಲ್ಲಿ ಯಾರ ಕೈಲಾದ್ರೂ ಮಾಡಿಸ್ತೀನಿ" ಎಂದ. "ಬೇಡ, ನಾನೇ ಮಾಡ್ತೀನಿ" ಎಂದು ಅವಳು ಅದನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದಳು. ನಾಳೆ ಎಂಬ ಮಾತನ್ನು ಅತ್ತೆ ನಂಬಿರಲಿಲ್ಲ. ಹಲ್ಲನ್ನೇ ಒತ್ತೆಯಿಟ್ಟು, ಮನೆಯಲ್ಲಿ ಬೋಳು ಬಾಯಲ್ಲಿ ಕೂತಿದ್ದರು. ಮಧ್ಯಾಹ್ನ ಏನು ತಿನ್ನುತ್ತಾರೆ ಎಂಬ ಯೋಚನೆ ಅವಳನ್ನು ಆ ಪಟ್ಟಿಗಿಂತ ಹೆಚ್ಚು ಕಾಡಿತು.

ಅವಳ ಗಂಡನೂ ನಂಬಬಾರದಿತ್ತು. ಅಧ್ಯಯನಕ್ಕೆ ಒಬ್ಬರು ಕಡಿಮೆ ಬಿದ್ದಾಗ ಅವಳೇ ರಾತ್ರಿ ಊಟಕ್ಕೆ ಕೂತಿದ್ದವನ ಬಾಯಿಗೆ ಟಾರ್ಚು ಬಿಟ್ಟು, "ರೀ, ನಿಮ್ಮ ಬಲಗಡೆ ಕೆಳಗಿನ ದವಡೆ ಹಲ್ಲು ನನಗೆ ಬೇಕು" ಎಂದಿದ್ದಳು. "ತಗೋ, ಪೂರ್ತಿ ನನ್ನನ್ನೇ ಕೊಟ್ಟಾಗಿದೆ, ಹಲ್ಲಿಗೇನಂತೆ" ಎಂದಿದ್ದ. ಕುರ್ಚಿಯಲ್ಲಿ ಮಲಗಿದವನು ಬಾಯಿ ತೆರೆದುಕೊಂಡೇ ಏನೇನೋ ತಮಾಷೆ ಮಾಡುತ್ತಿದ್ದ, ಒಂದೂ ಅರ್ಥವಾಗುತ್ತಿರಲಿಲ್ಲ, ಅವಳು ನಗುತ್ತ ಕೆಲಸ ಮಾಡಿದಳು. ಎಷ್ಟು ಚೆನ್ನಾಗಿ ಮಾಡಿದ್ದಳು. ಅಂಚೆಲ್ಲ ಸ್ವಚ್ಛ, ನಡುವೆ ನರದ ಮೇಲೆ ತೆಳ್ಳಗೆ ಕಂದು ಪದರ, ಅದರ ಮೇಲೆ ಲವಂಗದೆಣ್ಣೆ ಬೆರೆಸಿ ಕಲಸಿದ ಸಿಮೆಂಟು. ಆ ಸಂಜೆಯೆಲ್ಲ ಅವನ ಬಾಯಿ ಅವಳ ಕೈಗಳ ಹಾಗೇ ಲವಂಗ ನಾರುತ್ತಿತ್ತು. ಆರು ತಿಂಗಳಾದಾಗ ವಿಭಾಗದ ಗುಮಾಸ್ತೆ ಎಲ್ಲರಿಗೂ ಫೋನು ಮಾಡಿದಂತೆ ಅವಳ ಮನೆಗೂ ಮಾಡಿದಳು. ಫೋನು ಎತ್ತಿದವಳು ಇವಳೇ. "ನಮ್ಮನೆಯವರಿಗೆ ನೆನಪು ಮಾಡೋಕೆ ನೀವ್ಯಾಕೆ, ನಾನೇ ಕರ್ಕೊಂಡು ಬರ್ತೀನಿ ಬಿಡಿ" ಎಂದು ನಕ್ಕಿದ್ದಳು. ಗುಮಾಸ್ತೆ ಆಮೇಲೆ ಮತ್ತೆ ಮಾಡಲಿಲ್ಲ, ಯಾಕೆ ಮಾಡುತ್ತಾಳೆ? ಬೇರೆಯವರಿಗೆಲ್ಲ ಮೇಲಿಂದ ಮೇಲೆ ಫೋನು ಹೋಗಿತ್ತು. ಡಾಕ್ಟರ ಗಂಡನೊಬ್ಬನೇ ಯಾರ ಲೆಕ್ಕಕ್ಕೂ ಇಲ್ಲದೆ ಉಳಿದುಹೋದ. ಪರೀಕ್ಷೆಗಳು ಬಂದವು, ಹೊರಗಿನ ಊರಿನಲ್ಲಿ ಸಮ್ಮೇಳನ ಬಂತು, ಅಲ್ಲಿ ಅವಳು ಇದೇ ವಿಧಾನದ ಬಗ್ಗೆ ಮಾತಾಡಿ ಚಪ್ಪಾಳೆ ತಟ್ಟಿಸಿಕೊಂಡಳು. "ಇದರ ತುದಿ ಯಾಕೋ ಒರಟಾಗಿದೆ ಕಣೇ" ಎಂದು ಅವನು ಒಮ್ಮೆ ನಾಲಿಗೆ ಆಡಿಸಿ ಹೇಳಿದ. "ಈ ವಾರ ಮುಗೀಲಿ, ಅರ್ಧ ಗಂಟೆ ಕೆಲಸ" ಎಂದಳು. ಇನ್ನೊಮ್ಮೆ ಹೇಳಿದ್ದನೋ ಇಲ್ಲವೋ, ಎಷ್ಟು ಕೆದಕಿದರೂ ಅವಳಿಗೆ ನೆನಪಾಗುವುದಿಲ್ಲ.

ಕಾಯಿಲೆ ಗೊತ್ತಾದ ಮೇಲೆ ಹಲ್ಲು ಯಾರಿಗೆ ಬೇಕು. ರಕ್ತ ಹೆಪ್ಪುಗಟ್ಟುವುದೇ ಕಷ್ಟವಾದವನ ಬಾಯಿಗೆ ಉಪಕರಣ ಹಾಕುವ ಹಾಗೂ ಇರಲಿಲ್ಲ. ಸಿಮೆಂಟು ಸವೆಯುತ್ತ ಹೋಯಿತು. ಅವನು ಎಡಗಡೆಯೇ ಅಗಿಯತೊಡಗಿದ. ಅವಳು ಅದನ್ನು ನೋಡಿಯೂ ನೋಡದವಳಂತೆ ಚಮಚವನ್ನು ಎಡಗಡೆಯಿಂದ ಕೊಡುತ್ತಿದ್ದಳು. ಒಂದು ದಿನ ತರಗತಿ ಮುಗಿಸಿ ವಾರ್ಡಿಗೆ ಬಂದಾಗ ಚಿಕ್ಕ ವಯಸ್ಸಿನ ನರ್ಸು ಅವನಿಗೆ ತಿನ್ನಿಸುತ್ತಿದ್ದಳು, ಅವಳೂ ಎಡಗಡೆಯಿಂದಲೇ. ಹುಡುಗಿ ಸೂಕ್ಷ್ಮದವಳು, ತಾನೇ ಕಂಡುಕೊಂಡಿದ್ದಾಳೆ ಎಂದು ಇವಳು ಅಂದುಕೊಂಡಳು, ಎಲ್ಲರೆದುರು ಸಿಕ್ಕಿಬಿದ್ದವಳ ಹಾಗೆ ಬಾಗಿಲಲ್ಲೇ ನಿಂತಳು. ಕೊನೆಗೆ ಜ್ವರ ಬಂತು. ಎಲ್ಲಿಂದ ಬಂತೆಂದು ತಿಳಿಯಲಿಲ್ಲ. "ಮೈಯಲ್ಲಿ ಕಾವಲೇ ಇಲ್ಲದಾಗ ಎಲ್ಲಿಂದ ಬೇಕಾದ್ರೂ ಬರುತ್ತೆ" ಎಂದ ಡ್ಯೂಟಿ ಡಾಕ್ಟರು, ಎಕ್ಸರೆಯನ್ನು ಬೆಳಕಿಗೆ ಹಿಡಿದು. "ಪುಪ್ಪುಸ ಇರಬಹುದು, ಸೂಜಿ ಚುಚ್ಚಿದ ಜಾಗ ಇರಬಹುದು, ಬಾಯಿ ಇರಬಹುದು." ಇವಳು ಯಾರೆಂದು ಅವನಿಗೆ ಗೊತ್ತಿರಲಿಲ್ಲ. ಬಾಯಿ ಇರಬಹುದು ಎನ್ನುವಾಗ ಅವನು ಆಕಳಿಸುತ್ತಿದ್ದ. ಕೇಳಿದ್ದರೆ ಅವನು ಇನ್ನೊಂದಿಷ್ಟು ಹೇಳುತ್ತಿದ್ದನೇನೋ. ಬಾಯಿಯ ಬಗ್ಗೆ ಊರಿಗೆಲ್ಲ ಪಾಠ ಹೇಳಿದವಳು ಆವತ್ತು ಬಾಯಿ ಬಿಡಲಿಲ್ಲ.

ಕುರ್ಚಿಯಲ್ಲಿ ಇವತ್ತು ಒಬ್ಬ ಬಸ್ ಡ್ರೈವರು ಮಲಗಿದ್ದ. ನಡುವಯಸ್ಸು, ದಪ್ಪ ಮಣಿಕಟ್ಟು, ಎದೆಯ ಮೇಲೆ ಎರಡೂ ಕೈ ಮಡಚಿ ಇಟ್ಟುಕೊಂಡಿದ್ದ. ಎಡಗಡೆ ಕೆಳಗಿನ ದವಡೆ ಹಲ್ಲು, ಆಳದ ಹುಳುಕು. ಬಾಯಿಯ ಮೇಲೆ ರಬ್ಬರ್ ಹಾಳೆ ಎಳೆದು ಕಟ್ಟಿ, ಆ ಒಂದು ಹಲ್ಲು ಮಾತ್ರ ಹೊರಗೆ ಕಾಣುವಂತೆ ಮಾಡಿದ್ದಳು. ದೀಪದಲ್ಲಿದ್ದ ಕ್ಯಾಮೆರಾ ಅದನ್ನು ಗೋಡೆಯ ಪರದೆಗೆ ಹಾಕುತ್ತಿತ್ತು, ವಿದ್ಯಾರ್ಥಿಗಳು ಕತ್ತು ಎತ್ತಿ ನಿಂತಿದ್ದರು, ಹಿಂದಿನ ಸಾಲಿನಲ್ಲಿ ಗುಂಗುರು ಗೋಡೆಗೊರಗಿದ್ದ. ಮುಂದೆ ನಿಂತ ಮೂಗುಬೊಟ್ಟಿನ ಹುಡುಗಿಯೊಬ್ಬಳು ಪೆನ್ನು ಕಚ್ಚುತ್ತಿದ್ದಳು. ಇವಳು ಮೊದಲು ಅಂಚುಗಳ ಹುಳುಕನ್ನು ಬಿಡಿಸಿಕೊಂಡಳು. ಅಲ್ಲಿ ಕನಿಕರ ತೋರಬಾರದು, ಗಟ್ಟಿ ಸಿಗುವವರೆಗೂ ತೆಗೆಯಬೇಕು. ಆಮೇಲೆ ಯಂತ್ರ ಬದಿಗಿಟ್ಟು ಪುಟ್ಟ ಚಮಚದಂಥ ಉಪಕರಣ ಹಿಡಿದು ನಡುವಿನದನ್ನು ಕೈಯಿಂದಲೇ ಕೆರೆಯತೊಡಗಿದಳು. ತೇವದ ಕಂದು ಪುಡಿ ಪದರ ಪದರವಾಗಿ ಬಂತು. ಕೈ ಒಂದು ಕಡೆ ತಾನಾಗಿ ನಿಂತಿತು. ಇಷ್ಟು ವರ್ಷದ ಅಭ್ಯಾಸ ಕೈಗೆ, ಎಲ್ಲಿ ನಿಲ್ಲಬೇಕೆಂದು ಅದಕ್ಕೆ ಗೊತ್ತು. ನಿಂತ ಮೇಲೆ ಏನು ಮಾಡಬೇಕೆಂಬುದು ಮಾತ್ರ ಗೊತ್ತಿರಲಿಲ್ಲ.

"ಇಲ್ಲಿಗೆ ನಿಲ್ಲಿಸ್ತಿದ್ದೀನಿ" ಎಂದಳು. "ಇದರ ಕೆಳಗೇ ನರ ಇದೆ."

ಸಹಾಯಕಿ ಎಂದಿನ ರೂಢಿಯಂತೆ ಗಾಜಿನ ತುಂಡಿನ ಮೇಲೆ ಬಿಳಿ ಪುಡಿ ಸುರಿದು, ಲವಂಗದೆಣ್ಣೆಯ ಬಾಟಲಿಯ ಮುಚ್ಚಳ ತೆಗೆದು ಕಾಯುತ್ತಿದ್ದಳು. ವಾಸನೆ ಮೇಲೆ ಬಂತು. ಅದು ಮುಖಗವಸಿನೊಳಗೆ ನುಗ್ಗಿ, ಮೂಗಿನಿಂದ ಗಂಟಲಿಗಿಳಿದು ಅಲ್ಲೇ ಕೂತುಬಿಟ್ಟಿತು. ಆ ಸಂಜೆ ಅವನು ಅಡುಗೆಮನೆಯಲ್ಲಿ ಹಿಂದಿನಿಂದ ಬಂದು ಅವಳ ಕಿವಿಯ ಹತ್ತಿರ ಉಸಿರು ಬಿಟ್ಟು, 'ನೋಡು, ಈಗ ನಾವಿಬ್ಬರೂ ಒಂದೇ ವಾಸನೆ' ಎಂದಿದ್ದ. "ಮೇಡಂ, ಕಲಸಲಾ?" ಎಂದಳು ಸಹಾಯಕಿ. ಪರದೆಯ ಮೇಲೆ ತಟ್ಟೆಯಗಲದ ಹಲ್ಲು, ಅದರ ನಡುವೆ ಕಂದು ಕುಳಿ, ಪಕ್ಕದಲ್ಲಿ ಅವಳ ಉಪಕರಣದ ತುದಿ ಅಲ್ಲಾಡದೆ ನಿಂತಿತ್ತು. ಅವಳಿಗೆ ಬೇಕಾದದ್ದು ಒಂದೇ: ಈ ಬಾಟಲಿಯ ಸಿಮೆಂಟು ಹಾಕಿ, ಆರು ತಿಂಗಳ ನಂತರ ಬನ್ನಿ ಎಂದು ಹೇಳಿ, ಆರು ತಿಂಗಳ ನಂತರ ಈ ಕುರ್ಚಿಯಲ್ಲಿ ಗಂಡನೇ ಬಂದು ಮಲಗುವುದು.

"ಅದನ್ನ ಎತ್ತಿಡಿ" ಎಂದಳು. ಸಹಾಯಕಿಗೆ ಕೇಳಿಸಲಿಲ್ಲವೇನೋ, ಹಾಗೇ ನೋಡುತ್ತಿದ್ದಳು. "ಬಾಟ್ಲಿ ಮುಚ್ಚಿ. ಕಾಯಂ ಹಾಕೋದು ಕೊಡಿ. ಇವತ್ತೇ ಮುಗಿಸ್ತೀವಿ."

ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು. ಗುಂಗುರು ಗೋಡೆ ಬಿಟ್ಟು ನೇರ ನಿಂತ. ಗೆದ್ದವನ ಮುಖ ಅವನದಾಗಿರಲಿಲ್ಲ, ನೆಲ ನೋಡುತ್ತಿದ್ದ. ಮೂಗುಬೊಟ್ಟಿನ ಹುಡುಗಿ ಪೆನ್ನನ್ನು ಬಾಯಿಂದ ತೆಗೆದು, "ಮೇಡಂ, ಹೋದ ವರ್ಷ ನಮ್ಮ ಸೀನಿಯರ್ಸಿಗೆ ನೀವು ಬೇರೆ ಥರ ಹೇಳಿದ್ರಲ್ಲ?" ಎಂದಳು. ಪಕ್ಕದವಳು ಅವಳ ಮೊಣಕೈ ಚಿವುಟಿದಳು.

"ಹೇಳಿದ್ದೆ. ಈಗ ಇದನ್ನ ಹೇಳ್ತಿದ್ದೀನಿ." ಮುಂದಿನ ಮಾತು ತಾನಾಗಿ ಬಂತು, ಬೆಳಿಗ್ಗೆಯಿಂದ ಹುಡುಕುತ್ತಿದ್ದ ವಾಕ್ಯ ಅದೇ ಇರಬೇಕು. "ಮತ್ತೆ ಬರ್ತಾರೆ ಅಂತ ನಂಬ್ಕೊಂಡು ಯಾರ ಬಾಯಲ್ಲೂ ಅರ್ಧ ಕೆಲಸ ಬಿಡಬೇಡಿ. ನಿಮ್ಮನೆಯವರೇ ಆಗಿದ್ರೂ."

ಆಮೇಲೆ ಕೆಲಸವಷ್ಟೆ. ಪದರ ಹಾಕಿ, ನೀಲಿ ದೀಪ ಹಿಡಿದು, ಮತ್ತೊಂದು ಪದರ. ದೀಪ ಉರಿಯುವಾಗ ಎಲ್ಲರೂ ಕಣ್ಣಿಗೆ ಬೆಳಕು ಬಡಿಯದಂತೆ ಹಿಡಿದ ಕಿತ್ತಳೆ ಬಣ್ಣದ ಗಾಜಿನಾಚೆ ನಿಂತಿದ್ದರು, ಅವಳ ಕಣ್ಣನ್ನು ಯಾರೂ ಸರಿಯಾಗಿ ನೋಡುವಂತಿರಲಿಲ್ಲ, ಅದು ಒಳ್ಳೆಯದೇ ಆಯಿತು. ರಬ್ಬರ್ ಹಾಳೆ ಬಿಚ್ಚಿ, ನೀಲಿ ಕಾಗದದ ಚೂರಿಟ್ಟು, "ಕಚ್ಚಿ. ಆ ಕಡೆ ಈ ಕಡೆ ಉಜ್ಜಿ" ಎಂದಳು. ಎತ್ತರವಾದಲ್ಲಿ ನೀಲಿ ಗುರುತು ಬಿತ್ತು, ಅದನ್ನು ಸವರಿದಳು. ಡ್ರೈವರು ಎದ್ದು ಕೂತು ಬಾಯಿ ಮುಕ್ಕಳಿಸಿದ, ದವಡೆಯನ್ನು ಅಂಗೈಯಿಂದ ಹಿಡಿದು ಅಲ್ಲಾಡಿಸಿ ನೋಡಿದ.

"ಮತ್ತೆ ಯಾವಾಗ ಬರ್ಬೇಕು ಡಾಕ್ಟ್ರೇ? ಎರಡು ಸಲ ಬರ್ಬೇಕಾಗುತ್ತೆ ಅಂತ ಆವತ್ತು ಹೇಳಿದ್ರು. ನಮಗೆ ರಜಾ ಸಿಗೋದೇ ಕಷ್ಟ ನೋಡಿ."

"ಬೇಡ. ಮುಗೀತು."

"ಹಂಗಾದ್ರೆ ಯಾವ ಕಡೆ ಅಗೀಲಿ? ಇಷ್ಟು ದಿನ ಬಲಗಡೇಲೇ ಅಗಿದೂ ಅಗಿದೂ ಆ ದವಡೆ ಬಿದ್ದುಹೋಗಿದೆ."

ಅವಳು ದೀಪದ ಹಿಡಿಯನ್ನು ಹಿಡಿದುಕೊಂಡಿದ್ದಳು. ಈ ಪ್ರಶ್ನೆಗೆ ಎಷ್ಟೋ ಸಾವಿರ ಸಲ ಉತ್ತರ ಹೇಳಿದ್ದಳು, 'ಸದ್ಯಕ್ಕೆ ಆ ಕಡೆ ಅಗೀರಿ' ಎಂದು. ಸದ್ಯಕ್ಕೆ ಎಂಬ ಆ ಪದ ನಾಲಿಗೆಯ ತುದಿಗೆ ಬಂದು ನಿಂತಿತು.

"ಎರಡೂ ಕಡೆ" ಎಂದಳು.

ಅವನು ಸಂತೋಷದಿಂದ ಬೂಟು ಹಾಕಿಕೊಂಡು ಹೊರಟ. ವಿದ್ಯಾರ್ಥಿಗಳು ಗುಂಪುಗುಂಪಾಗಿ ಚದುರಿದರು. ಬಾಗಿಲ ಹತ್ತಿರ ಒಬ್ಬ ಹುಡುಗ ಇನ್ನೊಬ್ಬನಿಗೆ, "ಇನ್ನು ಆರು ತಿಂಗಳಿಗೆ ಏನಂತ ಹೆಸರಿಡೋದೋ?" ಎಂದದ್ದು ಅವಳಿಗೆ ಕೇಳಿಸಿತು. ಗುಂಗುರು ಹತ್ತಿರ ಬಂದು ಏನೋ ಹೇಳಬೇಕೆಂದುಕೊಂಡು, "ಅಂಚು ತುಂಬಾ ಚೆನ್ನಾಗಿ ಬಂದಿದೆ ಮೇಡಂ" ಎಂದಷ್ಟೇ ಹೇಳಿದ. ಅವಳು ತಲೆಯಾಡಿಸಿ ಲ್ಯಾಬಿಗೆ ಹೋದಳು, ಕರವಸ್ತ್ರ ಬಿಚ್ಚಿ ಅತ್ತೆಯ ಸೆಟ್ಟನ್ನು ತಿರುಗಿಸಿ 'ಮುಂದಕ್ಕೆ' ಎಂದ ಜಾಗ ಹುಡುಕಿದಳು, ಕಲ್ಲಿಗೆ ಹಿಡಿದು ಸವರಿದಳು. ಗುಲಾಬಿ ಪುಡಿ ಬೆರಳ ಮೇಲೆ ಉದುರಿತು. ಬೆರಳಿನಿಂದ ಒತ್ತಿ ನೋಡಿ, ಇನ್ನೊಮ್ಮೆ ಸವರಿ, ಹೊಳಪು ಕೊಟ್ಟು, ತೊಳೆದಳು. ಐದು ನಿಮಿಷವೂ ಹಿಡಿಯಲಿಲ್ಲ. ನಿಜಕ್ಕೂ ಹಿಡಿಯಲಿಲ್ಲ ಎಂಬುದನ್ನು ಕಂಡು ಅವಳಿಗೆ ತಡೆಯಲಾಗಲಿಲ್ಲ. ನಲ್ಲಿ ತಿರುಗಿಸಿ ಬಿಟ್ಟು, ನೀರಿನ ಸದ್ದಿನಲ್ಲಿ ನಿಂತು ಅತ್ತಳು.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಅತ್ತೆ ಕಿಟಕಿಯ ಹತ್ತಿರ ಕೂತಿದ್ದರು, ಪಕ್ಕದಲ್ಲಿ ತಟ್ಟೆ, ಅದರಲ್ಲಿ ಕತ್ತರಿಸದ ಒಂದು ಸೇಬು. ಬೆಳಿಗ್ಗೆಯಿಂದ ಅದನ್ನೇ ನೋಡುತ್ತಿದ್ದರೋ ಏನೋ. ಸೊಸೆ ಏನೂ ಹೇಳದೆ ಸೆಟ್ಟನ್ನು ಕೈಗಿಟ್ಟಳು. ಅವರು ಮುಖ ಆಚೆ ತಿರುಗಿಸಿ ಹಾಕಿಕೊಂಡು, ಬಾಯಿ ಮುಚ್ಚಿ ತೆರೆದು ನೋಡಿದರು. ಕುಸಿದಿದ್ದ ಮುಖ ಎದ್ದು ನಿಂತಿತು, ಅದರಲ್ಲಿ ಮಗನ ಗಲ್ಲ ಕಂಡಿತು.

"ಒತ್ತಲ್ಲ" ಎಂದರು. "ನಾಳೆ ಅಂದಿದ್ದೆ?"

"ನೀವು ಬಿಡ್ಬೇಕಲ್ಲ."

ಅತ್ತೆ ನಕ್ಕು ಸೇಬು ಕತ್ತರಿಸತೊಡಗಿದರು. ಒಂದು ಹೋಳು ಅವಳಿಗೆ, ಒಂದು ತಮಗೆ. ಅವಳು ಹೋಳನ್ನು ಕೈಯಲ್ಲೇ ಹಿಡಿದು ಕೂತಳು. ಇವತ್ತು ಒಮ್ಮೆ ಹೇಳಿಯಾಗಿದೆ, ಇನ್ನೊಮ್ಮೆ ಹೇಳಬಹುದು ಅನ್ನಿಸಿತು. "ಅತ್ತೆ. ಅವರ ಹಲ್ಲು..."

ಚಾಕು ನಿಂತಿತು.

"ಬಲಗಡೆ ಕೆಳಗಿನದು. ನಾನು ಅರ್ಧಕ್ಕೆ ಬಿಟ್ಟುಬಿಟ್ಟಿದ್ದೆ. ಮಾಡ್ತೀನಿ ಮಾಡ್ತೀನಿ ಅಂತ..."

"ಗೊತ್ತು" ಎಂದರು ಅತ್ತೆ. ಚಾಕು ಮತ್ತೆ ಆಡಿತು. "ಎಡಗಡೇಲೇ ಅಗೀತಿದ್ನಲ್ಲ. ಹೆತ್ತೋಳಿಗೆ ಕಾಣಲ್ವಾ? ಎಡಗಡೆಯಿಂದ ತಿನ್ಸಮ್ಮ ಅಂತ ಆ ನರ್ಸು ಹುಡುಗಿಗೆ ನಾನೇ ಹೇಳಿ ಬಂದಿದ್ದೆ."

"ನನಗ್ಯಾಕೆ ಹೇಳಲಿಲ್ಲ?"

"ಅವನೇ ಬೇಡ ಅಂದ. ಅವಳಿಗೆ ಹೇಳ್ಬೇಡಮ್ಮ, ಮೊದ್ಲೇ ಬೆಂದುಹೋಗಿದ್ದಾಳೆ ಅಂದ."

ಅವನ ನಾಲಿಗೆ ಆ ಒರಟು ತುದಿಯನ್ನು ಸವರುತ್ತಿದ್ದದ್ದು, ಅವಳು ಬಾಗಿಲಿಗೆ ಬಂದಾಗ ನಿಲ್ಲುತ್ತಿದ್ದದ್ದು ಅವಳಿಗೆ ಈಗ ಕಂಡಿತು. ತಾನು ಅವನಿಂದ ಬಚ್ಚಿಟ್ಟಿದ್ದೇನೆಂದು ಅವಳು ತಿಳಿದಿದ್ದಳು, ಅವನು ಅವಳಿಂದ ಬಚ್ಚಿಡುತ್ತಿದ್ದ. ಜ್ವರದ ಮಾತು, ಬಾಯಿ ಇರಬಹುದು ಎಂದು ಆಕಳಿಸಿದ ಆ ಡಾಕ್ಟರ ಮಾತು, ತುಟಿಯವರೆಗೂ ಬಂತು. ಅದನ್ನು ಮಾತ್ರ ಅವಳು ಹೇಳಲಿಲ್ಲ. ಈ ಮುದುಕಿಗೆ ಅದೊಂದನ್ನೂ ಹೊರಿಸುವುದು ಬೇಡ. ಅದು ಅವಳೊಬ್ಬಳದೇ, ಇನ್ನು ಎಷ್ಟು ದಿನವೋ ಅಷ್ಟು ದಿನ. ಅವಳು ಸೇಬಿನ ಹೋಳನ್ನು ಬಾಯಿಗಿಟ್ಟುಕೊಂಡಳು.

"ಅದಿರ್ಲಿ, ನಿನಗೇನಾಗಿದೆ?" ಎಂದರು ಅತ್ತೆ.

"ಏನು?"

"ಅವನು ಹೋದಾಗಿಂದ ನೋಡ್ತಾ ಇದ್ದೀನಿ. ನೀನೂ ಎಡಗಡೇಲೇ ಅಗೀತೀಯ. ನಿನ್ನ ಹಲ್ಲು ಚೆನ್ನಾಗೇ ಇದೆಯಲ್ಲೇ."

ಅವಳು ಅಗಿಯುವುದನ್ನು ನಿಲ್ಲಿಸಿದಳು. ಸೇಬು ಎಡಗೆನ್ನೆಯಲ್ಲಿತ್ತು. ಎದುರಿಗೆ ಕೂತ ಮುದುಕಿ ತನ್ನ ಎರಡು ಸಾಲು ಹಲ್ಲುಗಳನ್ನೂ ಹಾಕಿಕೊಂಡು ಕಾಯುತ್ತಿದ್ದರು. ಅವಳು ಹೋಳನ್ನು ನಾಲಿಗೆಯಿಂದ ಮೆಲ್ಲಗೆ ಬಲಕ್ಕೆ ತಳ್ಳಿ ಕಚ್ಚಿದಳು. ಏನೂ ನೋಯಲಿಲ್ಲ. ನೋಯಲಿಲ್ಲವೆಂದೇ ಅವಳ ಕಣ್ಣಲ್ಲಿ ನೀರು ಸುರಿಯತೊಡಗಿತು, ಅತ್ತೆ ಇನ್ನೊಂದು ಹೋಳು ಕತ್ತರಿಸಿ ಅವಳ ತಟ್ಟೆಗೆ ಹಾಕಿದರು.